ಕೆಜಾಯಾಳ ಹಂದಿಯ ಎಡಗಿವಿ

ನಮ್ಮ ಬೀಚ್ ಫೋರ್ಕ್ ಕೌಂಟಿಯಲ್ಲಿ ನ್ಯಾಯ ಸಿಗದೆ ಯಾರೂ ಬರಿಗೈಯಲ್ಲಿ ಹೋಗಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ. ನಾನು ಕೋರ್ಟಿನ ಗುಮಾಸ್ತ. ದೃಢೀಕರಿಸುವುದೇ ನನ್ನ ಕೆಲಸ.

ಇಲ್ಲಿ ಎಲ್ಲರ ಹಂದಿಗಳೂ ಕಾಡಿನಲ್ಲಿ ಓಕ್ ಕಾಯಿ ತಿಂದುಕೊಂಡು ಒಟ್ಟಿಗೇ ಅಲೆಯುತ್ತವೆ. ಕಿವಿಯ ಗುರುತು ನೋಡಿಯೇ ಯಾರದೆಂದು ಹೇಳಬೇಕು. ಎಡಗಿವಿಗೆ ಒಂದು ಸೀಳಿದ್ದರೆ ವಿಧವೆ ಕೆಜಾಯಾ ಟಟಲ್‌ಳದು, ಎರಡಿದ್ದರೆ ನೆರೆಯ ಜೇಬೆಜ್ ಕ್ರೇನ್‌ನದು. ಆ ವರ್ಷ ಕೆಜಾಯಾಳ ಇದ್ದೊಂದು ಹಂದಿ ಎರಡು ಸೀಳಿನೊಂದಿಗೆ ಮನೆಗೆ ಬಂತು. ಎರಡನೆಯದರಲ್ಲಿ ಇನ್ನೂ ರಕ್ತ ಒಸರುತ್ತಿತ್ತು. ಹಿಂದೆಯೇ ಜೇಬೆಜ್ ಹಗ್ಗ ಹಿಡಿದು ಬಂದ.

"ಚಳಿಗಾಲಕ್ಕೆ ನನ್ ಮಕ್ಳಿಗೆ ಇರೋದೇ ಇದೊಂದು ಕಣಪ್ಪಾ," ಎಂದು ಆಕೆ ವಕೀಲ ಲೆಮ್ಯುಯೆಲ್ ಪ್ರೌಟಿಯವರ ಮುಂದೆ ಅತ್ತಳು.

"ಅಳಬೇಡ ತಾಯಿ. ನ್ಯಾಯ ನಿನ್ ಕಡೆ ಇದೆ. ಕಾನೂನೊಂದು ಇಲ್ಲ, ಅಷ್ಟೆ."

ಹಂದಿಯನ್ನು ಕೋರ್ಟಿನ ದೊಡ್ಡಿಯಲ್ಲಿ ಕಟ್ಟಿಸಿ, ಕಾನೂನು ಮಾಡಲೆಂದೇ ಪ್ರೌಟಿ ಚುನಾವಣೆಗೆ ನಿಂತರು. ಮತದಾರರಿಗೆಂದು ತೆರೆದಿಟ್ಟ ವಿಸ್ಕಿ ಪೀಪಾಯಿ ಬರಿದಾಗುವ ಹೊತ್ತಿಗೆ ಗೆದ್ದಿದ್ದರು. ಅವರ ಕಾನೂನು ಹೀಗಿತ್ತು: "ಕಿವಿಯ ವ್ಯಾಜ್ಯದಲ್ಲಿ ಕಿವಿಯನ್ನು ಸೂಕ್ತ ರೀತಿಯಲ್ಲಿ ಪರಿಗಣಿಸತಕ್ಕದ್ದು." ಸೂಕ್ತ ರೀತಿ ಯಾವುದೆಂದು ಯೋಚಿಸುತ್ತಲೇ ನಮ್ಮ ಹಳೆಯ ಜಡ್ಜು ತೀರಿಕೊಂಡರು. ಆ ಕುರ್ಚಿಗೆ ಪ್ರೌಟಿಯವರೇ ಬಂದರು.

"ಸದ್ಯ, ನಮ್ಮೋರೇ ಜಡ್ಜಾದ್ರು!" ಎಂದು ಕೆಜಾಯಾ ನಿಟ್ಟುಸಿರುಬಿಟ್ಟಳು.

ಪ್ರೌಟಿ ಕಾನೂನನ್ನು ಮೂರು ಸಲ ಓದಿದರು. "ಯಾವ ಮುಠ್ಠಾಳರೀ ಇದನ್ನ ಬರೆದಿದ್ದು?"

"ತಾವೇ, ಸ್ವಾಮಿ."

"ಹಾಗಾದ್ರೆ ಅವರ ಉದ್ದೇಶ ಏನೂಂತ ಪತ್ರ ಬರೆದು ಕೇಳಿ."

ಬರೆದೆ. ತಾವೀಗ ಶಾಸಕರಲ್ಲದ ಕಾರಣ ಉತ್ತರಿಸುವ ಅಧಿಕಾರ ತಮಗಿಲ್ಲವೆಂದು ಅವರೇ ಉತ್ತರಿಸಿದರು.

ಅಷ್ಟರಲ್ಲಿ ಎರಡನೇ ಚಳಿಗಾಲ ಬಂತು. ಕೋರ್ಟಿನ ವಶದಲ್ಲಿರುವ ತಿನ್ನತಕ್ಕ ವಸ್ತು ಕೆಡದಂತೆ ನೋಡಿಕೊಳ್ಳತಕ್ಕದ್ದೆಂಬ ನಿಯಮವಿದೆ. ಅದರಂತೆ ಕೆಡುವ ಮೊದಲೇ ಹಂದಿಯನ್ನು ಕೊಯ್ದು ಜೂರಿಯವರು ಊಟ ಮಾಡಿದರು. ಜೇಬೆಜ್‌ನನ್ನೂ ಕರೆದರು, ಎರಡು ಸಲ ಬಡಿಸಿಕೊಂಡ. ಸಾಕ್ಷ್ಯವಾದ್ದರಿಂದ ಎಡಗಿವಿಯನ್ನು ಮಾತ್ರ ಉಪ್ಪಿನಲ್ಲಿಟ್ಟೆವು.

ಮರುದಿನ ತೀರ್ಪು. ಎರಡನೇ ಸೀಳು ಕಳ್ಳ ಸೀಳು, ಕಿವಿ ಸಂಪೂರ್ಣವಾಗಿ ಕೆಜಾಯಾಳದು!

"ಮಿಕ್ಕಿದ್ ಹಂದಿ, ಸ್ವಾಮಿ?"

"ವ್ಯಾಜ್ಯ ಇದ್ದದ್ದು ಕಿವಿದಮ್ಮಾ. ಮಿಕ್ಕಿದ್ದರ ಬಗ್ಗೆ ಯಾರೂ ತಕರಾರೇ ತೆಗೆದಿಲ್ಲವಲ್ಲ."

ಜನ ಚಪ್ಪಾಳೆ ತಟ್ಟಿದರು. ಜೇಬೆಜ್ ದೊಡ್ಡ ಮನಸ್ಸು ಮಾಡಿ ಆಕೆಯ ಕೈಕುಲುಕಿದ.

ಕಿವಿ ತಲುಪಿದ್ದಕ್ಕೆ ಸಹಿ ಪಡೆಯಲು ನಾನು ಆಕೆಯ ಮನೆಗೆ ಹೋದೆ. ಮೂರು ಮಕ್ಕಳು ಒಂದು ಕಿವಿಯ ಸಾರಿನ ಸುತ್ತ ಕೂತಿದ್ದವು. ಅದನ್ನು ಬರೆಯಲು ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

"ಸ್ವಲ್ಪ ಉಪ್ಪು ಜಾಸ್ತಿ ಆಗಿದೆ, ಗುಮಾಸ್ತರೇ," ಎಂದಳು ಕೆಜಾಯಾ, ಸಹಿ ಹಾಕುತ್ತ. "ಆದ್ರೂ ಗೆದ್ದಿದ್ದು ನಾವೇ, ಅಲ್ವಾ?"

"ನೀವೇ ತಾಯಿ," ಎಂದು ದೃಢೀಕರಿಸಿದೆ.