ಭೋಜ ಮಾಮನ ತಲೆಗೆ ಬಂದ ಕೂದಲು

ಕಾಪುವಿನ ರಿತೇಶನ ಮದುವೆಗೆ ಅಡ್ಡ ಬಂದದ್ದು ಒಂದು ಬೋಳು ತಲೆ. ಅದೂ ಅವನದ್ದಲ್ಲ, ಅವನ ತಾಯಿ ಗುಣವತಿಯ ಅಣ್ಣ ಭೋಜ ಮಾಮನದ್ದು. ಪಾಪದ ತಲೆ, ಅದಾಗಿಯೇ ಯಾರ ತಂಟೆಗೂ ಹೋದದ್ದಲ್ಲ. ಅದನ್ನು ಇಂಟರ್ನೆಟ್ಟಿಗೆ ಹತ್ತಿಸಿದವನು ರಿತೇಶನೇ.

ಮಣಿಪಾಲದ ಆಫೀಸೊಂದರಲ್ಲಿ ಹಗಲಿಡೀ ಡಾಟಾ ಎಂಟ್ರಿ ಮಾಡುತ್ತಿದ್ದ ರಿತೇಶ, ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಸಂಜೆಗೊಂದು ಬೇರೆ ಕಸುಬು ಹಿಡಿದಿದ್ದ. ಕಣ್ಣಲ್ಲಿ ಕಾಣದ ಸಾಮಾನಿನ ಬಗ್ಗೆ ‘ನಾನೇ ಬಳಸಿ ನೋಡಿದೆ, ಅದ್ಭುತ’ ಎಂದು ತನ್ನ ಬ್ಲಾಗಿನಲ್ಲಿ ಇಂಗ್ಲಿಷಿನಲ್ಲಿ ಬರೆಯುವುದು, ಅಡಿಯಲ್ಲೊಂದು ಲಿಂಕ್ ಅಂಟಿಸುವುದು. ಓದಿದವರು ಆ ಲಿಂಕ್ ಒತ್ತಿ ಸಾಮಾನು ತರಿಸಿದರೆ ಇವನಿಗೆ ಕಮಿಷನ್. ಹೀಗೆ ಅವನು ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಸೊಳ್ಳೆ ಬ್ಯಾಟು ಎಲ್ಲವನ್ನೂ ಬಳಸಿ ಮುಗಿಸಿ, ಕೊನೆಗೆ ಬಾಣಂತಿಯರು ಕಟ್ಟುವ ಬೆಲ್ಟನ್ನೂ ಸ್ವತಃ ಕಟ್ಟಿ ಮೆಚ್ಚಿಕೊಂಡಿದ್ದ.

ಎಲ್ಲಕ್ಕಿಂತ ಜೋರಾಗಿ ಓಡಿದ್ದು ‘ಕೇಶ ಪುನರ್ಜನ್ಮ’ ಎಂಬ ತಲೆ ಎಣ್ಣೆ. ಅದಕ್ಕೆ ಅವನು ಎರಡು ಫೋಟೋ ಹಾಕಿದ್ದ. ‘ಮೊದಲು’ ಎಂದು ಭೋಜ ಮಾಮನದ್ದು. ‘ನಂತರ’ ಎಂದು ಅವರ ತಮ್ಮ ದೇಜು ಮಾಮನದ್ದು. ಅಣ್ಣತಮ್ಮಂದಿರ ಮುಖ ಒಂದೇ ಅಚ್ಚು. ಅಣ್ಣನಿಗೆ ಕೊಡಬೇಕಾದ ಕೂದಲನ್ನೂ ದೇವರು ತಮ್ಮನಿಗೇ ಕೊಟ್ಟುಬಿಟ್ಟಿದ್ದ, ಅಷ್ಟೇ ವ್ಯತ್ಯಾಸ.

ಆ ಭಾನುವಾರ ಕಾರ್ಕಳಕ್ಕೆ ಹೆಣ್ಣು ನೋಡಲು ಹೋಗುವುದಿತ್ತು. ಹುಡುಗಿ ಚೈತಾಲಿ. ಯಾರದೋ ಮದುವೆಯಲ್ಲಿ ಬಡಿಸುತ್ತಾ ಬಂದವಳು, ಕೇಳದೆಯೇ ಇವನ ಎಲೆಗೆ ಇನ್ನೊಂದು ಸೌಟು ಪಾಯಸ ಸುರಿದು, “ಸಾಕು ಅಂತ ಬಾಯಲ್ಲಿ ಹೇಳುವುದು, ಕೈ ಮಾತ್ರ ಅಡ್ಡ ಹಿಡಿಯುವುದಿಲ್ಲ” ಎಂದು ನಕ್ಕು ಮುಂದೆ ಹೋಗಿದ್ದಳು. ಅಂದಿನಿಂದ ರಿತೇಶನಿಗೆ ಮದುವೆಯಾದರೆ ಅವಳನ್ನೇ. ತಾಯಿಯನ್ನು ಕಾಡಿ ಬೇಡಿ ಸಂಬಂಧ ಕೇಳಿಸಿದ್ದ. ಅವಳ ಅಪ್ಪ ಚಂದಯ್ಯ ಹೆಗ್ಡೆಯವರಿಗೆ ಏನೋ ಬಿಸಿನೆಸ್ಸು ಉಂಟು ಎಂಬುದಷ್ಟೇ ಇವರಿಗೆ ಗೊತ್ತು.

ಬೆಳಿಗ್ಗೆ ಪಕ್ಕದ ಮನೆಯ ಗ್ಲ್ಯಾಡಿಸ್ ಬಾಯಮ್ಮ ತನ್ನ ತೋಟದ ಮಲ್ಲಿಗೆ ಹಿಡಿದುಕೊಂಡು ಬಂದರು. ಹೂವಿನ ಜೊತೆ ಸುದ್ದಿಯನ್ನೂ ತಂದಿದ್ದರು.

“ಗುಣವತಿಯಕ್ಕಾ, ಹುಡುಗಿಗೆ ಮುಡಿಸಲಿಕ್ಕೆ ಎರಡು ಚೆಂಡು ಮಲ್ಲಿಗೆ ಹೆಚ್ಚಿಗೆ ತಂದಿದ್ದೇನೆ. ಅಲ್ಲ, ನನ್ನ ತಂಗಿ ಎಸ್ತರ್ ಇರುವುದು ಆ ಹೆಗ್ಡೆಯವರ ಆಚೆ ಮನೆಯಲ್ಲೇ ಅಲ್ವಾ? ಜನ ಒಳ್ಳೆಯವರಂತೆ. ಯಜಮಾನರಿಗೆ ಮಾತ್ರ ಒಂದು ಮರುಳು.”

“ಎಂತ ಮರುಳು?” ಎಂದು ರಿತೇಶ ಒಳಗಿನಿಂದಲೇ ಕೇಳಿದ.

“ಎಂತದೋ ಪುನರ್ಜನ್ಮದ ಎಣ್ಣೆಯಂತೆ. ಮನೆಯಲ್ಲಿ ಪೆಟ್ಟಿಗೆ ಪೆಟ್ಟಿಗೆ ರಾಶಿ ಉಂಟಂತೆ. ಕಂಪ್ಯೂಟರಿನಲ್ಲಿ ಬಂದ ಎರಡು ಫೋಟೋ ದೊಡ್ಡದು ಮಾಡಿಸಿ ಚಾವಡಿಯಲ್ಲಿ ಹಾಕಿದ್ದಾರಂತೆ. ಒಂದು ಬೋಳು, ಒಂದು ಕೂದಲು. ಬಂದವರ ಹತ್ತಿರವೆಲ್ಲ, ಇದನ್ನು ಹಾಕಿದವ ಯಾರು, ನನಗೆ ಅವನೊಮ್ಮೆ ಸಿಗಬೇಕು ಅಂತಾರಂತೆ.”

ರಿತೇಶ ತಿನ್ನುತ್ತಿದ್ದ ನೀರುದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಓಡಿಹೋಗಿ ಬರೆದದ್ದನ್ನೆಲ್ಲ ಅಳಿಸೋಣವೆಂದರೆ ಕರೆಂಟಿಲ್ಲ. ಅಳಿಸಿದರೂ ಗೋಡೆಯಲ್ಲಿ ತೂಗುತ್ತಿರುವುದನ್ನು ಇಳಿಸುವವರು ಯಾರು? ಪೆಟ್ಟಿಗೆಗಟ್ಟಲೆ ಎಣ್ಣೆ ತರಿಸಿ ಮೋಸಹೋದ ಮನುಷ್ಯ, ಆ ಎರಡು ತಲೆಗಳು ಒಟ್ಟಿಗೆ ತನ್ನ ಮನೆಯ ಮೆಟ್ಟಿಲು ಹತ್ತುವುದನ್ನು ಕಂಡರೆ ಮಗಳನ್ನು ಕೊಡುವುದುಂಟಾ?

ಅವನು ನೇರವಾಗಿ ಭೋಜ ಮಾಮನ ಮನೆಗೆ ಓಡಿದ.

“ಮಾಮ, ಬಿಸಿಲು ಜೋರುಂಟು. ನೀವು ಬರುವುದು ಬೇಡ. ದೇಜು ಮಾಮ ಒಬ್ಬರು ಸಾಕು.”

“ಹಿರಿಮಾವ ನಾನಿರುವಾಗ ಮಾತುಕತೆ ಆಡುವುದು ಯಾರು? ನಿನ್ನ ಅಪ್ಪನಾ?” ಎಂದು ಭೋಜ ಮಾಮ ಎದ್ದೇ ನಿಂತರು. ತುಳುನಾಡಿನಲ್ಲಿ ಸೋದರಮಾವ ಬಾಯಿ ತೆರೆಯದೆ ಸಂಬಂಧದ ಮಾತು ಶುರುವಾಗುವುದೇ ಇಲ್ಲ. ಅಪ್ಪನಾದವನು ಜೊತೆಗೆ ಹೋದರೂ ಮೂಲೆಯಲ್ಲಿ ಕುಳಿತು ಶರಬತ್ತು ಕುಡಿಯಬೇಕು.

“ಹಾಗಾದರೆ ದೇಜು ಮಾಮ ಬೇಡ.”

“ತಮ್ಮನನ್ನು ಬಿಟ್ಟುಹೋದರೆ ಮನೆಯಲ್ಲಿ ಜಗಳ ಅಂತ ಊರು ಹೇಳುತ್ತದೆ. ನಿನಗೆ ಎಂತ ಆಗಿದೆ ಮಾರಾಯ?”

ರಿತೇಶನಿಗೆ ತಟ್ಟನೆ ಒಂದು ಉಪಾಯ ಹೊಳೆಯಿತು. ರಿವ್ಯೂ ಬರೆದು ಬರೆದು ಹೊಗಳುವ ಕಲೆ ಕೈಗೆ ಹತ್ತಿತ್ತಲ್ಲ!

“ಮಾಮ, ಹಿಂದೆ ಗುತ್ತು ಮನೆತನದ ಯಜಮಾನರು ಸಂಬಂಧ ಕೇಳಲಿಕ್ಕೆ ಹೋಗುವಾಗ ಜರಿಯ ಮುಂಡಾಸು ಕಟ್ಟುತ್ತಿದ್ದರಲ್ಲ. ನಮ್ಮಲ್ಲಿ ಅದಕ್ಕೆ ಒಪ್ಪುವ ಮುಖ ಇದ್ದರೆ ನಿಮ್ಮದೊಂದೇ.”

ಭೋಜ ಮಾಮ ಕನ್ನಡಿ ನೋಡಿದರು. ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, “ನೀನು ಹೇಳುವುದೂ ಸರಿಯೇ” ಎಂದರು. ಅಷ್ಟರಲ್ಲಿ ಬಂದು ತನಗೂ ಒಂದು ಮುಂಡಾಸು ಬೇಕೆಂದ ದೇಜು ಮಾಮನನ್ನು, “ಮನೆಗೆ ಯಜಮಾನ ಒಬ್ಬನೇ” ಎಂದು ಗದರಿಸಿ ಕೂರಿಸಿದರು. ರಿತೇಶ ದೇಜು ಮಾಮನ ಕೂದಲಿಗೆ ಕೈತುಂಬ ತೆಂಗಿನೆಣ್ಣೆ ಮೆತ್ತಿ, ತಲೆಗೆ ಅಂಟುವಂತೆ ಬಾಚಿ, ಬೈತಲೆ ಬೇರೆ ಕಡೆ ತೆಗೆದ. ಕಿವಿಯ ಪಕ್ಕದಲ್ಲಿ ಇಳಿದ ಎಣ್ಣೆ ಹೊಸ ಷರ್ಟಿನ ಕಾಲರಿಗೆ ಬಿತ್ತು.

ಓಮ್ನಿ ವ್ಯಾನು ಪಡುಬಿದ್ರಿ ದಾಟಿ ಕಾರ್ಕಳದ ದಾರಿ ಹಿಡಿಯುವಾಗ ಗಾಳಿಗೆ ಮುಂಡಾಸು ಬಿಚ್ಚಿ ಗ್ಲ್ಯಾಡಿಸ್ ಬಾಯಮ್ಮನ ಮುಖಕ್ಕೆ ಸುತ್ತಿಕೊಂಡಿತು. ಅವರು ತಂಗಿಯನ್ನು ನೋಡುವ ನೆಪದಲ್ಲಿ ಹೂವಿನ ಸಮೇತ ಹತ್ತಿ ಕುಳಿತಿದ್ದರು. “ಓ ಜೇಜು!” ಎಂದು ಅವರು ಕೂಗಿದ ಕೂಗಿಗೆ ಡ್ರೈವರು ಬ್ರೇಕು ಒತ್ತಿದ. ಮತ್ತೆ ಮುಂಡಾಸು ಕಟ್ಟುವಾಗ ರಿತೇಶ ಒಳಗಿನಿಂದ ನಾಲ್ಕು ಪಿನ್ನು ಚುಚ್ಚಿದ. ಒಂದು ಮಾಮನಿಗೂ ತಾಗಿತು.

ಹೆಗ್ಡೆಯವರ ಜಗಲಿಯಲ್ಲಿ ಪೆಟ್ಟಿಗೆಗಳು ಮಾಡಿನವರೆಗೆ ಏರಿದ್ದವು. ಚಾವಡಿಯ ಗೋಡೆಯಲ್ಲಿ ಎರಡು ಫೋಟೋಗಳೂ ತೂಗುತ್ತಿದ್ದವು. ರಿತೇಶ ಎಲ್ಲರಿಗಿಂತ ಮೊದಲು ನುಗ್ಗಿ, ಮಾಮಂದಿರಿಬ್ಬರನ್ನು ಫೋಟೋಗೆ ಬೆನ್ನು ಹಾಕಿ ಕೂರಿಸಿದ. ಹೆಗ್ಡೆಯವರು ದೇಜು ಮಾಮನನ್ನೇ ಒಂದೇ ಸಮನೆ ನೋಡಿದರು.

“ನಿಮ್ಮನ್ನು ನಾನು ದಿನಾ ಎಲ್ಲೋ ನೋಡಿದ ಹಾಗೆ ಉಂಟಲ್ಲ?”

“ಮುಂಬೈಯಲ್ಲಿಯಾ? ನಾನು ಮೊದಲು ಅಲ್ಲಿದ್ದೆ” ಎಂದರು ದೇಜು ಮಾಮ ಸಂತೋಷದಿಂದ.

ಅಷ್ಟರಲ್ಲಿ ಚೈತಾಲಿ ಎಳನೀರು ತಂದಳು. ರಿತೇಶನ ಮುಂದೆ ಲೋಟ ಇಟ್ಟು, ಮೆಲ್ಲನೆ, “ಇವತ್ತಾದರೂ ಸಾಕಾದರೆ ಕೈ ಅಡ್ಡ ಹಿಡಿಯಿರಿ” ಎಂದಳು. ಅವಳಿಗೆ ನೆನಪುಂಟು! ರಿತೇಶನಿಗೆ ಎಷ್ಟು ಸಂತೋಷವಾಯಿತೆಂದರೆ ಒಂದು ಕ್ಷಣ ಗೋಡೆಯೂ ತಲೆಯೂ ಮರೆತೇಹೋದವು.

ಹೆಗ್ಡೆಯವರು ಎದ್ದರು. “ಮಾತು ಶುರು ಮಾಡುವ ಮೊದಲು ಹಿರಿಯರು ದೈವಕ್ಕೊಮ್ಮೆ ಕೈಮುಗಿಯಬೇಕು. ಬನ್ನಿ.”

ದೈವದ ಕೋಣೆ ಇದ್ದದ್ದು ಚಾವಡಿಗೆ ತಾಗಿಕೊಂಡೇ. ದೈವದ ಮುಂದೆ ತಲೆಗೆ ಮುಂಡಾಸು ಇಟ್ಟುಕೊಂಡು ನಿಲ್ಲುವಂತಿಲ್ಲ.

“ಮಾಮ, ಇಲ್ಲಿಂದಲೇ ಮುಗಿಯಿರಿ!” ಎಂದು ರಿತೇಶ ಹಾರಿದ.

“ನಿನಗೆ ಬುದ್ಧಿ ಉಂಟಾ?” ಎಂದು ಭೋಜ ಮಾಮ ಮುಂಡಾಸಿಗೆ ಕೈಹಾಕಿ ಎಳೆದರು. ಪಿನ್ನುಗಳು ಟಣಟಣ ನೆಲಕ್ಕೆ ಬಿದ್ದವು. ದೀಪದ ಬೆಳಕು ನುಣುಪಾದ ತಲೆಯ ಮೇಲೆ ಬಿತ್ತು. ಪಕ್ಕದಲ್ಲೇ ದೇಜು ಮಾಮ ಕೈಮುಗಿದು ನಿಂತಿದ್ದರು. ಹೆಗ್ಡೆಯವರು ತಲೆಗಳನ್ನು ನೋಡಿದರು, ಗೋಡೆಯನ್ನು ನೋಡಿದರು, ಕೊನೆಗೆ ಬೆವರುತ್ತಿದ್ದ ರಿತೇಶನನ್ನು ನೋಡಿದರು.

“ನೀವು ಸ್ವಲ್ಪ ನನ್ನ ಜೊತೆ ಹಿತ್ತಲಿಗೆ ಬನ್ನಿ.”

ಹಿತ್ತಲಿನ ಶೆಡ್ಡಿನ ಹತ್ತಿರ ರಿತೇಶ ಅವರ ಕಾಲು ಹಿಡಿಯುವುದೊಂದು ಬಾಕಿ. “ತಪ್ಪಾಯಿತು. ಫೋಟೋ ಹಾಕಿದ್ದು ನಾನೇ, ಬರೆದದ್ದು ನಾನೇ. ಆ ಎಣ್ಣೆಯ ವಾಸನೆ ಸಹ ನಾನು ನೋಡಿದ್ದಿಲ್ಲ. ಕಮಿಷನ್ ಆಸೆಗೆ ಸುಳ್ಳು ಬರೆದೆ.”

ಹೆಗ್ಡೆಯವರು ಅವನನ್ನು ಬಾಚಿ ತಬ್ಬಿಕೊಂಡರು.

“ನೀನಾ ಮಾರಾಯ ಆ ಪುಣ್ಯಾತ್ಮ! ಎಷ್ಟು ದಿನದಿಂದ ಹುಡುಕುತ್ತಾ ಇದ್ದೇನೆ!” ಎಂದು ಶೆಡ್ಡಿನ ಬಾಗಿಲು ತೆರೆದರು. ಒಳಗೆ ಎಣ್ಣೆಯ ಡ್ರಮ್ಮು, ಆಲಿಕೆ, ಖಾಲಿ ಬಾಟ್ಲಿ, ಲೇಬಲ್ಲಿನ ಕಟ್ಟು. “ಕೇಶ ಪುನರ್ಜನ್ಮ ನನ್ನದೇ ಮಾಲು! ನೀನು ಬರೆದ ಮೇಲೆ ಆರ್ಡರು ಎಂದರೆ ಆರ್ಡರು. ನಿನ್ನ ಮಾಮಂದಿರ ಫೋಟೋ ನಮಗೆ ದೇವರ ಪಟದ ಹಾಗೆ.”

ರಿತೇಶನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಅತ್ತ ಹುಡುಗಿ ನಕ್ಕಿದ್ದಾಳೆ, ಇತ್ತ ಮಾವನೇ ತಬ್ಬಿಕೊಂಡಿದ್ದಾರೆ. ಇನ್ನೇನು ಬೇಕು?

“ಹಾಗಾದರೆ, ಮಾವ, ನಿಶ್ಚಿತಾರ್ಥ...”

“ಅದು ಆಗುವುದಿಲ್ಲ.”

“ಯಾಕೆ? ಎಣ್ಣೆ ನಿಮ್ಮದೇ ಅಲ್ವಾ?”

“ನನ್ನದೇ ಆದ್ದರಿಂದ ಹೇಳುವುದು. ಅದರಲ್ಲಿ ಬಣ್ಣ, ವಾಸನೆ ಬಿಟ್ಟರೆ ಎಂತದೂ ಇಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನು ಬರೆದದ್ದನ್ನು ಓದಿ ನಾನೇ ಒಂದು ಬಾಟ್ಲಿ ಹಚ್ಚಿ ನೋಡುವ ಅಂತ ಯೋಚಿಸಿದ್ದೆ. ಅಷ್ಟು ಚಂದಕ್ಕೆ ಸುಳ್ಳು ಹೇಳುವವನ ಕೈಗೆ ಇದ್ದ ಒಬ್ಬಳೇ ಮಗಳನ್ನು ಕೊಟ್ಟು ನಾನು ನಿದ್ರೆ ಮಾಡುವುದು ಹೇಗೆ? ಅವಳಿಗೆ ನಿಯತ್ತಿನ ಹುಡುಗ ಬೇಕು.” ಅವನ ಬೆನ್ನು ತಟ್ಟಿ, “ಬರೆಯುವುದು ಮಾತ್ರ ಬಿಡಬೇಡ. ಮುಂದಿನ ತಿಂಗಳು ಮಂಡಿನೋವಿನದ್ದು ಬರ್ತಾ ಉಂಟು” ಎಂದರು.

ಚಾವಡಿಗೆ ಮರಳಿದ ಹೆಗ್ಡೆಯವರು ಎಲ್ಲರೆದುರು ಕೈಜೋಡಿಸಿದರು. “ಬೇಸರ ಮಾಡಬಾರದು. ಜಾತಕ ಕೂಡಿ ಬರುವುದಿಲ್ಲ ಅಂತ ಭಟ್ಟರು ಈಗಷ್ಟೇ ಫೋನು ಮಾಡಿದರು. ಆದರೆ ಹುಡುಗನೆಂದರೆ ಹೀಗಿರಬೇಕು. ಗುಣ ಬಂಗಾರ, ನಡತೆ ಬಂಗಾರ. ಇಡೀ ಜಿಲ್ಲೆ ಹುಡುಕಿದರೂ ಇಂಥವ ಇನ್ನೊಬ್ಬ ಸಿಗುವುದಿಲ್ಲ. ಇವನನ್ನು ಕಟ್ಟಿಕೊಂಡವಳು ಪುಣ್ಯ ಮಾಡಿರಬೇಕು!”

ಬಾಗಿಲ ಮರೆಯಲ್ಲಿ ನಿಂತಿದ್ದ ಚೈತಾಲಿ ತಲೆ ತಗ್ಗಿಸಿ ಒಳಗೆ ಹೋದಳು. ರಿತೇಶನಿಗೆ ಅಳು ಬರುವುದೊಂದು ಬಾಕಿ. ಗುಣವತಿಯವರು ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು ಅಣ್ಣನ ಕಿವಿಯಲ್ಲಿ ಹೇಳಿದರು:

“ಕೇಳಿದಿಯಾ ಅಣ್ಣಾ? ಸಂಬಂಧ ಹೋದರೆ ಹೋಗಲಿ. ಈ ಹೆಗ್ಡೆಯವರು ಎಷ್ಟು ಸತ್ಯವಂತ ಮನುಷ್ಯ ನೋಡು!”