ಹೊಸ್ತಿಲು ಇದ್ದ ಲಾರಿ

ನಮ್ಮ ಮಾವನವರಿಗೆ ತಲೆ ಕೆಟ್ಟಿದೆ ಎಂದು ದಾವಣಗೆರೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ನಾನು ಮಾತ್ರ ಹೇಳುತ್ತಿರಲಿಲ್ಲ. ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ ನೋಡಿ, ಸ್ವಲ್ಪ ಕಾಯೋಣ ಎಂದು ಸುಮ್ಮನಿದ್ದೆ.

ಅವರದು ಹತ್ತಿ ವ್ಯಾಪಾರ. ಅಂಗಡಿಯಿಂದ ಕೂಗಿದರೆ ಮನೆಗೆ ಕೇಳಿಸುತ್ತಿತ್ತು, ಆದರೂ ಊಟಕ್ಕೆ ಬರಲು ಜಟಕಾ ಬೇಕು. ಅಂಥವರು ಒಂದು ಸಂಜೆ, "ಕೆಮ್ಮಣ್ಣುಗುಂಡಿಗೆ ಹೋಗಿ ಗುಡ್ಡ ಹತ್ತಾಣ" ಎಂದಾಗ ನನ್ನ ಗಂಡನಿಗೆ ರೊಟ್ಟಿ ಗಂಟಲಲ್ಲೇ ನಿಂತಿತು.

ಇದಕ್ಕೆಲ್ಲ ಕಾರಣ ನಮ್ಮ ಅತ್ತೆ. ಬಾತಿಯ ಗುಡ್ಡದಲ್ಲಿ ಆಡಿ ಬೆಳೆದವರು. ಮೋಡ ಕಾಲ ಕೆಳಗೆ ಕಾಣುವಂಥ ಗುಡ್ಡಗಳೂ ಇವೆಯಂತೆ, ಒಮ್ಮೆ ನೋಡಬೇಕು ಎಂದು ಮದುವೆಯಾದ ಹೊಸತರಲ್ಲಿ ಮಾವನ ಮುಂದೆ ಬಾಯಿಬಿಟ್ಟಿದ್ದರಂತೆ. ಆದರೆ ಹೋಗುವುದು ಹೇಗೆ? ಅತ್ತೆ ಶೀಲ ಹಿಡಿದವರು. ಮನೆಯ ಬಾವಿಯ ನೀರು, ಮನೆಯ ಒಲೆಯ ಅಡುಗೆ ಬಿಟ್ಟರೆ ಹೊರಗಿನ ಒಂದು ಗುಟುಕನ್ನೂ ಮುಟ್ಟುವವರಲ್ಲ. ಹರಿಹರದಲ್ಲಿದ್ದ ಮಗಳ, ಅಂದರೆ ನನ್ನ ನಾದಿನಿಯ ಮನೆಗೆ ಹೋದರೂ ಉಪವಾಸ ಹೋಗಿ ಉಪವಾಸವೇ ಬರುತ್ತಿದ್ದರು.

"ಮನೆ ಬಿಟ್ಟು ಹೊರಗ ಉಣ್ಣಂಗಿಲ್ಲ, ಅಷ್ಟೇ ಹೌದಲ್ಲ?" ಎಂದರು ಮಾವ. "ಹಂಗಾದ್ರ ಮನೇನ ತಗಂಡು ಹೋಗಾಣ ಬಿಡು."

ತಮಾಷೆ ಎಂದುಕೊಂಡೆವು. ಸ್ವಲ್ಪ ದಿನಕ್ಕೇ ಹತ್ತಿ ಸಾಗಿಸುವ ನಮ್ಮ ಹಳೆಯ ಲಾರಿ ಆನೆಕೊಂಡದ ಬಡಗಿಯ ಮುಂದೆ ಹೋಗಿ ನಿಂತಿತು. ಅದಕ್ಕೆ ಮಾಡು ಬಂತು, ಕಿಟಕಿ ಬಂತು, ದೇವರ ಗೂಡು ಬಂತು, ಒಂದು ಮೂಲೆಯಲ್ಲಿ ಒಲೆ ಬಂತು. ಹಿಂದೆ ಬಾಗಿಲು, ಬಾಗಿಲಿಗೆ ತೇಗದ ಹೊಸ್ತಿಲು.

"ಲಾರಿಗೆ ಹೊಸ್ತಿಲು ಯಾಕ್ರೀ ಸಾವ್ಕಾರ್ರೆ?" ಎಂದ ಬಡಗಿ.

"ಹೊಸ್ತಿಲಿಲ್ದ ಅದು ಮನೆ ಹೆಂಗ ಆಗ್ತೈತೆ?"

ಅಷ್ಟಕ್ಕೆ ಬಿಟ್ಟರೇ? ಅಯ್ಯನವರನ್ನು ಕರೆಸಿ ಲಾರಿಗೆ ಗೃಹಪ್ರವೇಶವನ್ನೂ ಮಾಡಿಸಿದರು. ಬಾಗಿಲು ಯಾವ ದಿಕ್ಕಿಗೆ ಎಂದು ಅಯ್ಯನವರು ಕೇಳಿದರೆ, "ಡ್ರೈವರು ತಿರುಗಿಸಿದ ದಿಕ್ಕಿಗ್ರಿ" ಎಂದರು. ಅಯ್ಯನವರು ದಕ್ಷಿಣೆ ಜೇಬಿಗಿಟ್ಟು ಬೇಗನೆ ಮುಗಿಸಿದರು. ಕೊನೆಗೆ ಅತ್ತೆ ಸೊಂಟದ ಸಂಚಿಯಿಂದ ರಂಗೋಲಿ ಪುಡಿ ತೆಗೆದು, ಲಾರಿಯ ಹಿಂದೆ ನೆಲದ ಮೇಲೆ ನಾಲ್ಕು ಎಳೆ ಎಳೆದು, ಒಳಗೆ ಹತ್ತಿ, ಹಾಲು ಕಾಯಿಸಿ ಕುಡಿದರು. ಮಾವನ ಮುಖ ನೋಡಬೇಕಿತ್ತು, ಚುನಾವಣೆ ಗೆದ್ದವರ ಹಾಗಿತ್ತು.

ಬಾವಿಯ ನೀರನ್ನು ಪೀಪಾಯಿಗೆ ತುಂಬಿಕೊಂಡು ಹೊರಟೆವು. ಹರಿಹರ ಮುಟ್ಟುತ್ತಿದ್ದಂತೆ ಪೊಲೀಸಿನವನು ಅಡ್ಡ ನಿಂತ.

"ಏನ್ರಿ ಇದು, ಲಾರೀನೋ ಮನೇನೋ?"

"ಮನೆ."

"ಮನೆಗೆ ನಂಬರ್ ಪ್ಲೇಟ್ ಯಾಕೈತೆ?"

"ನಿಮ್ಮನೆಗೆ ಡೋರ್ ನಂಬರ್ ಇಲ್ಲೇನಪ್ಪ?"

ಅವನು ತಲೆ ಕೆರೆದುಕೊಂಡು ಕೈ ಬೀಸಿದ. ಆದರೆ ನಾದಿನಿಯ ಕೈಯಿಂದ ತಪ್ಪಿಸಿಕೊಳ್ಳುವುದು ಪೊಲೀಸಿನವನಿಂದ ತಪ್ಪಿಸಿಕೊಂಡಷ್ಟು ಸುಲಭವೇ? ಅವರ ಮನೆ ಮುಂದೆ ಲಾರಿ ನಿಲ್ಲಿಸಬೇಕಾಯಿತು, ಓಣಿಗೆ ಓಣಿಯೇ ಲಾರಿಮನೆ ನೋಡಲು ಬಂತು. ಮನೆ ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸುವುದುಂಟೇ? "ಬರ್ರಿ, ಕೂಡ್ರಿ" ಎಂದು ಅತ್ತೆ ಬಂದವರಿಗೆಲ್ಲ ಖಾರ ಮಂಡಕ್ಕಿ ಕೊಟ್ಟರು, ತಂಬಿಗೆ ತುಂಬ ನೀರು ಕೊಟ್ಟರು. ಮಂಡಕ್ಕಿಯ ಖಾರಕ್ಕೆ ಜನ ಇನ್ನೊಂದು ತಂಬಿಗೆ ಕೇಳಿದರು. ಪಕ್ಕದಲ್ಲೇ ತುಂಗಭದ್ರೆ ದಂಡೆ ತುಂಬಿ ಹರಿಯುತ್ತಿದ್ದಳು, ಹರಿಹರದವರು ಮಾತ್ರ ನಮ್ಮ ಪೀಪಾಯಿ ಬರಿದು ಮಾಡುತ್ತಿದ್ದರು! ಊರು ಬಿಡುವಾಗ ಉಳಿದದ್ದು ಒಂದು ತಾಮ್ರದ ಕೊಡ ನೀರು.

"ವಾಪಸ್ ಹೋಗಾಣೇನು?" ಎಂದು ಮಾವ ಮೆಲ್ಲಗೆ ಕೇಳಿದರು. ಅತ್ತೆ ಕಿಟಕಿಯ ಆಚೆ ನೋಡುತ್ತಾ, "ನನಗೊಬ್ಬಾಕಿಗೆ ಒಂದು ಕೊಡ ಸಾಕು, ನಡೀರಿ" ಎಂದರು.

ಮರುದಿನ ಘಾಟಿಯಲ್ಲಿ ಲಾರಿ ಕೆಮ್ಮಿ ಕೆಮ್ಮಿ, ಇನ್ನು ನನ್ನಿಂದಾಗದು ಎಂದು ನಿಂತಿತು. ಅಲ್ಲಿಂದ ನಡಿಗೆ. ಅತ್ತೆ ಸೀರೆ ಎತ್ತಿಕಟ್ಟಿ ಮುಂದೆ ಹೊರಟೇಬಿಟ್ಟರು. ಜಟಕಾ ಇಲ್ಲದೆ ಊಟಕ್ಕೆ ಬರದ ಮಾವ ಕೊಡವನ್ನು ಹೆಗಲಿಗೇರಿಸಿ ಹಿಂದೆ. ನನ್ನ ಗಂಡ ಕೈಚಾಚಿದರೆ, "ಬ್ಯಾಡಪ್ಪ, ನೀ ಬೀಳಿಸ್ತಿ" ಎಂದರು. ಹಾಗೆಂದು ಹತ್ತು ಹೆಜ್ಜೆ ಇಡುವಷ್ಟರಲ್ಲಿ ತಾವೇ ಜಾರಿದರು. ಕೊಡ ಠಣ್ ಠಣ್ ಎನ್ನುತ್ತಾ ಕಣಿವೆಗೆ ಇಳಿದುಹೋಯಿತು.

ಯಾರೂ ನಗಲಿಲ್ಲ. ಮೇಲೆ ಒಂದು ಬಂಡೆಯ ಸಂದಿನಿಂದ ಸಣ್ಣಗೆ ನೀರು ಸುರಿಯುತ್ತಿತ್ತು. ಅಲ್ಲಿಗೆ ಹೋಗಿ ಮಾವ ಕುಸಿದು ಕುಳಿತರು. ಮುಖ ಕೆಂಪಾಗಿತ್ತು. ನಾನು ಬೊಗಸೆಯಲ್ಲಿ ನೀರು ಹಿಡಿದು ಕೊಟ್ಟೆ.

"ಬ್ಯಾಡವ್ವ. ಆಕಿ ಕುಡೀದ ನಾ ಹೆಂಗ ಕುಡೀಲಿ?" ಎಂದರು. ಆಮೇಲೆ ಅತ್ತೆಯ ಕಡೆ ನೋಡದೆಯೇ, "ಇಳಿಯಾಣ ನಡಿ. ನಿನಗ ಮೋಡ ತೋರ್ಸಕ್ಕ ನನ್ನಿಂದ ಆಗ್ಲಿಲ್ಲ" ಎಂದರು. ಆ ಧ್ವನಿ ಕೇಳಿ ನನಗೆ ಅಳು ಬಂತು.

ಅತ್ತೆ ಒಂದು ಗಳಿಗೆ ಗಂಡನನ್ನೇ ನೋಡಿದರು. ಆಮೇಲೆ ಸೊಂಟದ ಸಂಚಿ ಬಿಚ್ಚಿದರು. ನೀರಿನ ಮುಂದಿನ ಬಂಡೆಯನ್ನು ಸೆರಗಿನಿಂದ ಒರೆಸಿ, ಬಗ್ಗಿ, ಅದೇ ನಾಲ್ಕು ಎಳೆ ಎಳೆದರು. ರಂಗೋಲಿ ತುಳಿಯದ ಹಾಗೆ ದಾಟಿ, ನೀರಿನ ಪಕ್ಕದಲ್ಲಿ ನಿಂತು, ನಮ್ಮ ಮನೆಯ ಬಾಗಿಲಲ್ಲಿ ದಿನವೂ ಕರೆಯುವ ಹಾಗೆಯೇ ಕರೆದರು.

"ಹೊರಗ್ಯಾಕ ಕೂತ್ರಿ? ಒಳಗ ಬರ್ರಿ."

ಮಾವ ನಿಧಾನವಾಗಿ ಎದ್ದರು. ರಂಗೋಲಿಯ ಈಚೆ ಚಪ್ಪಲಿ ಬಿಟ್ಟು, ಒಳಗೆ ಹೋದರು.

ಇನ್ನೊಂದಿಷ್ಟು ಮೇಲೆ ಹತ್ತಿ, ಮೋಡವನ್ನೂ ನೋಡಿದೆವು. ಕಾಲ ಕೆಳಗೇ ಇತ್ತು, ಬೆಳ್ಳಗೆ, ದಂಡಿಯಾಗಿ. ನನಗೆ ಮಾತ್ರ ಇವತ್ತಿಗೂ ನೆನಪಾಗುವುದು ಆ ಬೋಳು ಬಂಡೆಯ ಮೇಲೆ ಜೋಡಿಸಿಟ್ಟ ಚಪ್ಪಲಿಗಳು.