ಆರುನೂರ ಹನ್ನೆರಡು ಮಂದಿಗೆ ಒಂದು ಮಾಸ್ಕು

ಕೊರೊನಾ ಪ್ರಕರಣಗಳು ಮತ್ತೆ ಏರುತ್ತಿರುವ ಹಿನ್ನೆಲೆಯಲ್ಲಿ, ಕನಕಗಿರಿ ಸೀಮೆಯ ಕರೇಗುಡ್ಡದಹಾಳ ಗ್ರಾಮದ ಆರುನೂರ ಹನ್ನೆರಡು ಜನರ ರಕ್ಷಣೆಗಾಗಿ ಒಂದು ಮಾಸ್ಕು ಮಂಜೂರಾಗಿತ್ತು. ಮೂರು ದಿನದೊಳಗೆ ಪ್ರತಿಯೊಬ್ಬರೂ ಸದರಿ ಮಾಸ್ಕು ಧರಿಸಿದ ಫೋಟೊ ಕಳಿಸತಕ್ಕದ್ದು. ಒಬ್ಬರದು ಬಾಕಿ ಉಳಿದರೂ ಊರನ್ನು 'ಅರಕ್ಷಿತ' ಎಂದು ಘೋಷಿಸಿ ಸಂತೆ ಬಂದ್ ಮಾಡಲಾಗುವುದು ಎಂದು ಸುತ್ತೋಲೆ ಸಾರಿತ್ತು.

ಊರಿನ ಆಶಾ ಕಾರ್ಯಕರ್ತೆ ರೇಣುಕಾ ಮಾಸ್ಕನ್ನು ತಿರುವಿ ಮುರುವಿ ನೋಡಿದಳು. ಮೂಲೆಯಲ್ಲಿ ಸರಕಾರಿ ಮುದ್ರೆಯಿತ್ತು. ಮೇಲ್ವಿಚಾರಕ ರುದ್ರೇಶ ಸಾಹೇಬರಿಗೆ ಫೋನು ಹಚ್ಚಿದಳು.

"ಸರ, ಒಂದ ಐತ್ರಿ."

"ಸಾಕಲ್ರೀ. ಒಬ್ಬೊಬ್ಬರಾಗಿ ಹಾಕ್ಕೊಳ್ಳಲಿ. ಗುಂಪು ಸೇರಬಾರದು ಅಂತ ಹೆಂಗೂ ಆದೇಶ ಐತಿ."

"ಕೆಮ್ಮೋರು ಅದಾರ್ರಿ."

"ಹಂಗಾರ ಮೊದಲ ಅವರದ ಫೋಟೊ ತಗೀರಿ. ಅವರಿಗೆ ರಕ್ಷಣಿ ಭಾಳ ಬೇಕು."

"ನಡುವ ತೊಳೀಲೇನ್ರಿ?"

"ಮುದ್ರಿ ಅಳಿಸಿದ್ರ ಜವಾಬ್ದಾರಿ ನಿಮ್ದ."

ರೇಣುಕಾ ಆ ದಿನವೇ ಹಳೇ ಸೀರೆ ಹರಿದು ಮೂವತ್ತು ಮಾಸ್ಕು ಹೊಲಿದಳು. ಮುದ್ರೆಯಿಲ್ಲದ್ದು ನಿಯಮಾನುಸಾರ ಅರಿವೆಯೇ ಹೊರತು ಮಾಸ್ಕಲ್ಲ ಎಂದು ಕಚೇರಿ ತಿಳಿಸಿತು.

ಸೋಮವಾರದಿಂದ ಕೆಮ್ಮುತ್ತಿದ್ದ ಲಕ್ಷ್ಮಣಪ್ಪ ಮೊದಲು ರಕ್ಷಿತನಾದ. ಆಮೇಲೆ ಅವನ ಹೆಂಡತಿ, ಆಮೇಲೆ ಓಣಿ, ಆಮೇಲೆ ಊರು. ಮೂರನೆಯ ದಿನಕ್ಕೆ ಆರುನೂರ ಹನ್ನೊಂದು ಮಂದಿ ರಕ್ಷಿತರಾಗಿದ್ದರು. ಅಗಸಿ ಬಾಗಿಲಿನಿಂದ ಹಿಟ್ಟಿನ ಗಿರಣಿಯವರೆಗೂ ಕೆಮ್ಮು ಕೇಳುತ್ತಿತ್ತು. ಕಚೇರಿಯಿಂದ ಅಭಿನಂದನೆ ಬಂತು.

ಉಳಿದಾಕೆ ಹಂಪವ್ವ ಒಬ್ಬಳೇ. ಊರ ಅಂಚಿನಲ್ಲಿ ಆಡು ಸಾಕಿಕೊಂಡಿದ್ದ, ದಮ್ಮಿನ ಕಾಯಿಲೆಯ ಮುದುಕಿ. ಹಿಂದಿನ ಸಲದ ಕೊರೊನಾ ಆಕೆಯ ಗಂಡನನ್ನು ಒಯ್ದಿತ್ತು. ಆಕೆ ರೇಣುಕಾ ಹೊಲಿದ ಅರಿವೆಯನ್ನು ಮೂಗಿನ ಮೇಲೆ ಬಿಗಿದು ಹೊಸ್ತಿಲೊಳಗೆ ನಿಂತಿದ್ದಳು.

"ಇದು ನೀ ಹೊಲಿದದ್ದು, ಹಾಕ್ಕೊಂಡೀನಿ. ಅದು ಊರ ಎಂಜಲ. ಒಲ್ಲೆ."

ಲಕ್ಷ್ಮಣಪ್ಪನ ಮುಂದಾಳತ್ವದಲ್ಲಿ ಊರು ಬಾಗಿಲಿಗೆ ಬಂದು ಕೆಮ್ಮಿತು.

"ನಿನ್ನೊಬ್ಬಾಕಿ ಸಲುವಾಗಿ ಸಂತಿ ನಿಲ್ಲಬೇಕೇನು ಹಂಪವ್ವ? ಒಂದ ಗಳಿಗಿ ಹಾಕ್ಕೋ!"

ಮುದುಕಿ ರೇಣುಕಾಳ ಮುಖ ನೋಡಿದಳು. ಈ ಮಾಸ್ಕು ಆ ಮೂಗಿಗೆ ಮುಟ್ಟಿದರೆ ಮುದುಕಿ ವಾರ ಬದುಕುವುದಿಲ್ಲ ಎಂದು ರೇಣುಕಾಳಿಗೆ ಗೊತ್ತಿತ್ತು. ಮತ್ತೆ ಫೋನು ಹಚ್ಚಿದಳು.

"ಸರ, ಒಲ್ಲೆ ಅಂದೋರಿಗೆ ಏನರ ನಿಯಮ ಐತೇನ್ರಿ?"

ಇತ್ತು. ಇಲ್ಲದೆ ಇರುತ್ತದೆಯೇ?

"ಅಪಾಯಕಾರಿ ವ್ಯಕ್ತಿ ಅಂತ ಬರೀರಿ. ಬಾಗಲಕ್ಕ ಕೆಂಪು ಚೀಟಿ ಹಚ್ಚಿ, ಒಂದು ತಿಂಗಳು ಯಾರೂ ಹತ್ತರ ಸುಳೀದಂಗ ನೋಡ್ಕೋರಿ. ಆಕಿನ್ನ ಲೆಕ್ಕದಿಂದ ತಗದ್ರ ಊರು ನೂರಕ್ಕ ನೂರು."

ಹನ್ನೊಂದು ವರ್ಷದ ಸೇವೆಯಲ್ಲಿ ರೇಣುಕಾ ಯಾವ ಆದೇಶವನ್ನೂ ಇಷ್ಟು ಹುರುಪಿನಿಂದ ಪಾಲಿಸಿರಲಿಲ್ಲ. ಅಂಟು ಬಳಿದು ಚೀಟಿ ಹಚ್ಚಿ, ಸಣ್ಣ ದನಿಯಲ್ಲಿ ಅಂದಳು:

"ಸಿಟ್ಟಾಗಬ್ಯಾಡ ಯವ್ವಾ."

"ಸಿಟ್ಟ್ಯಾಕ? ಹಿತ್ತಲ ಬಾಗಲಕ್ಕೂ ಒಂದು ಹಚ್ಚು."

ಸಂತೆ ಯಥಾಪ್ರಕಾರ ನೆರೆಯಿತು. ರಕ್ಷಿತ ಜನರು ಕೆಮ್ಮುತ್ತ ಸಂತೆಗೆ ಹೋದರು, ಕೆಮ್ಮುತ್ತ ಬಂದರು. ಹಂಪವ್ವನ ಮನೆ ಬಂದಾಗ ಮಾತ್ರ ರಸ್ತೆ ದಾಟಿ ಆಚೆ ಬದಿಯಿಂದ ನಡೆದರು. ಲಕ್ಷ್ಮಣಪ್ಪ ಅಲ್ಲಿ ನಿಂತು, ಗೋಡೆ ಹಿಡಿದು ದಮ್ಮು ಸುಧಾರಿಸಿಕೊಂಡು, ಬೀಗರಿಗೆ ಎಚ್ಚರಿಕೆ ಹೇಳಿದ:

"ಸರೀರಿ ಈ ಕಡಿ. ಊರಾಗ ರೋಗ ಹಬ್ಬಿಸೋಳು ಆಕಿ ಒಬ್ಬಾಕಿನ ಉಳದಾಳ."